ಪತ್ರವ್ಯವಹಾರದ ಲೇಖಕಿ

ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಚಪ್ಪಾಳೆ ಬಿದ್ದಾಗ ಶೋಭಾರಾಣಿ ಎದ್ದು ನಿಂತು ನಕ್ಕಳು. ನಗು ಮುಖದ ಮೇಲೆ ಸರಿಯಾಗಿ ಕೂರಲಿಲ್ಲ.

"ಪ್ರಕಾಶಕರ ಜತೆಗಿನ ನಮ್ಮ ಹೊಸ ಒಪ್ಪಂದದಲ್ಲಿ ಬಂದ ಮೊದಲ್ನೇ ಪೇಪರ್ ಮೇಡಂ ಅವರದ್ದೇ," ಎಂದ ಗ್ರಂಥಪಾಲಕ ಮಹದೇವ್, ಮುಂದೆ ಕೂತಿದ್ದ ಅಧ್ಯಾಪಕರಿಗೆ. "ಅವರಿಗೆ ಕಟ್ಟೋ ದುಡ್ಡನ್ನೆಲ್ಲ ಯೂನಿವರ್ಸಿಟಿ ಮೊದಲೇ ಮಾತಾಡ್ಕೊಂಡಿದೆ. ನಿಮ್ಮ ಕೈಯಿಂದ ಏನೂ ಹೋಗಲ್ಲ. ಲೇಖನಕ್ಕೆ ಬೀಗ ಇಲ್ಲ, ಯಾರು ಬೇಕಾದ್ರೂ ಬಿಟ್ಟಿ ಓದ್ಬಹುದು. ಪತ್ರವ್ಯವಹಾರದ ಲೇಖಕರು, ಅಂದ್ರೆ ಕರೆಸ್ಪಾಂಡಿಂಗ್ ಆಥರ್ ಅಂತ ಮುಖ್ಯವಾಗಿ ಹೆಸರು ಹಾಕೋರು, ನಮ್ಮೋರಾಗಿರ್ಬೇಕು, ಅಷ್ಟೆ."

ಹಿಂದಿನ ಸಾಲಿನಿಂದ ಯಾರೋ ಕೇಳಿದರು: "ಪಿಎಚ್‌ಡಿ ಮುಗಿಸಿ ಹೋದ ಹುಡುಗ್ರು ಏನ್ಮಾಡ್ಬೇಕು ಸಾರ್? ಅವರೀಗ ನಮ್ಮೋರಲ್ವಲ್ಲ?"

"ಕೆಲಸ ಇಲ್ಲಿದ್ದಾಗ ಮಾಡಿದ್ದಾದ್ರೆ ಅವರೂ ನಮ್ಮೋರೇ. ಅವರ ಹೆಸರಲ್ಲೇ ಕಳಿಸ್ಬಹುದು. ಶುರುವಿನಿಂದ ಹಂಗೇ ಇದೆ. ಒಂದ್ಮಾತು ನಮ್ಮನ್ನ ಕೇಳಿದ್ರೆ ಸಾಕು."

ಶೋಭಾರಾಣಿ ಕುಳಿತುಕೊಂಡಳು. ಪಕ್ಕದವರು ಏನೋ ಅಭಿನಂದನೆ ಹೇಳುತ್ತಿದ್ದರು. ಅವಳ ಕಿವಿಯಲ್ಲಿ ಉಳಿದದ್ದು 'ಅವರ ಹೆಸರಲ್ಲೇ ಕಳಿಸ್ಬಹುದು' ಎಂಬ ಒಂದು ಮಾತು ಮಾತ್ರ.

ಚಪ್ಪಾಳೆ ಬಿದ್ದ ಆ ಲೇಖನ ನಿಜಕ್ಕೂ ರಮ್ಯಶ್ರೀಯದು. ಕಾಮಾಕ್ಷಿಪಾಳ್ಯದ ಹುಡುಗಿ, ಅವ್ವ ಹನುಮಕ್ಕ ಗಾರ್ಮೆಂಟ್ಸಿನಲ್ಲಿ ಟೈಲರ್. ಶೌಚಾಲಯಕ್ಕೆ ಎದ್ದರೆ ಬೈಗುಳವೆಂದು ಆ ಹೆಂಗಸರು ಬೆಳಗಿನಿಂದ ಸಂಜೆಯವರೆಗೆ ನೀರನ್ನೇ ಕುಡಿಯದೆ ಹೊಲಿಯುವುದನ್ನು ರಮ್ಯಶ್ರೀ ಮನೆಮನೆ ತಿರುಗಿ ಕೇಳಿ ಬರೆದಿದ್ದಳು. ಶೋಭಾರಾಣಿ ಅವಳ ಪಿಎಚ್‌ಡಿ ಗೈಡ್. ತಿದ್ದಿದ್ದಳು, ದಾರಿ ತೋರಿಸಿದ್ದಳು, ನಿಜ. ಆದರೆ ಆ ಮನೆಗಳ ಮೆಟ್ಟಿಲು ಹತ್ತಿದವಳಲ್ಲ.

ಲೇಖನ ಕಳಿಸುವ ಹೊತ್ತಿಗೆ ರಮ್ಯಶ್ರೀ ಮಾಗಡಿ ರಸ್ತೆಯ ಪುಟ್ಟ ಕಾಲೇಜೊಂದರಲ್ಲಿ ಗೆಸ್ಟ್ ಲೆಕ್ಚರರ್ ಆಗಿದ್ದಳು. "ನೀನೀಗ ಹೊರಗಿನವಳಾದೆ ಕಣೇ. ನಿನ್ನ ಹೆಸರಲ್ಲಿ ಹೋದ್ರೆ ಒಪ್ಪಂದ ಅನ್ವಯ ಆಗಲ್ಲ. ಪತ್ರವ್ಯವಹಾರಕ್ಕೆ ನನ್ನ ಹೆಸರು ಹಾಕ್ತೀನಿ," ಅಂದಿದ್ದಳು ಶೋಭಾರಾಣಿ. "ಹಾಕಿ ಮೇಡಂ, ನಮ್ಮವ್ವನ ಜತೆಯೋರೆಲ್ಲ ಓದೋ ಹಂಗಾದ್ರೆ ಸಾಕು," ಅಂದಿದ್ದಳು ಹುಡುಗಿ. ಗ್ರಂಥಾಲಯ ಇದ್ದದ್ದು ಒಂದೇ ಮಹಡಿ ಕೆಳಗೆ. ಆದರೂ ಶೋಭಾರಾಣಿ ಕೆಳಗಿಳಿದು ಕೇಳಲಿಲ್ಲ.

ಯಾಕೆ ಕೇಳಲಿಲ್ಲ? ಮನೆಗೆ ಹೋಗುವ ದಾರಿಯುದ್ದಕ್ಕೂ ಅವಳು ತನ್ನನ್ನೇ ಕೆದಕಿದಳು. ಮರೆತೆ ಎನ್ನಬಹುದು, ಪುರುಸೊತ್ತಿರಲಿಲ್ಲ ಎನ್ನಬಹುದು. ಆದರೆ ಆ ವರ್ಷ ಅವಳ ಬಡ್ತಿಯ ಕಡತ ಓಡಾಡುತ್ತಿತ್ತು; ಪತ್ರವ್ಯವಹಾರದ ಲೇಖಕಿಯಾದರೆ ಅದಕ್ಕೆ ಹೆಚ್ಚು ಅಂಕ. ಕೇಳಿದರೆ ಯಾವ ಉತ್ತರ ಬರಬಹುದೆಂದು ಮನಸ್ಸಿನ ಯಾವುದೋ ಮೂಲೆಗೆ ಗೊತ್ತಿತ್ತು. ಅದಕ್ಕೇ ಕೇಳಲಿಲ್ಲ. ಬಡ್ತಿ ಬಂತು. ರಮ್ಯಶ್ರೀ ಮಾತ್ರ ಕಾಯಂ ಹುದ್ದೆಯ ಸಂದರ್ಶನದಿಂದ ಬರಿಗೈಲಿ ಬಂದಿದ್ದಳು.

ಮನೆಯಿದ್ದ ಬಸವೇಶ್ವರನಗರದ ತಿರುವು ಬಂದರೂ ಅವಳು ಕಾರು ತಿರುಗಿಸಲಿಲ್ಲ. ನೇರ ಕಾಮಾಕ್ಷಿಪಾಳ್ಯಕ್ಕೆ ಹೋದಳು.

ಒಳಗೆ ರಮ್ಯಶ್ರೀ ಉತ್ತರಪತ್ರಿಕೆಗಳನ್ನು ಹರವಿಕೊಂಡು ಕೂತಿದ್ದಳು. ಹನುಮಕ್ಕ ಬಾಗಿಲಲ್ಲೇ ಕೈ ಹಿಡಿದುಕೊಂಡರು. "ಬನ್ನಿ ಮೇಡಂ, ಬನ್ನಿ! ನಮ್ ಗೋಳು ಇಡೀ ದೇಶ ಓದೋ ಹಂಗ್ ಮಾಡಿದ್ರಿ. ಫೋನ್ನಾಗೆ ಒತ್ತಿದ್ರೆ ಸಾಕು, ಬತ್ತದೆ. ಇಂಗ್ಲೀಷ್ನಾಗೆ ಇರೋದ್ನ ಇವ್ಳು ಕನ್ನಡದಾಗೆ ಹೇಳ್ತಾಳೆ, ನಾವೆಲ್ಲ ಕೂತು ಕೇಳ್ತೀವಿ. ನಮ್ ಸೂಪರ್‌ವೈಸರಿಗೂ ಯಾರೋ ಕಳಿಸ್ಬುಟ್ಟವ್ರೆ! ಈಗ ನನ್ ನೀರಿನ ಬಾಟ್ಲಿ ಕಂಡ್ರೆ, ಕುಡಿಯಮ್ಮ ಕುಡಿ, ಅಂತಾನೆ, ಹರಳೆಣ್ಣೆ ಕುಡ್ದೋನ್ ತರ ಮುಖ ಮಾಡ್ಕೊಂಡು."

ನಗುತ್ತಲೇ ಒಂದು ದೊಡ್ಡ ಲೋಟದ ತುಂಬ ನೀರು ತಂದುಕೊಟ್ಟರು. ಶೋಭಾರಾಣಿ ಅದನ್ನು ಹಿಡಿದುಕೊಂಡಳು. ಕುಡಿಯಲಾಗಲಿಲ್ಲ.

ಹನುಮಕ್ಕ ಕಾಫಿಗೆಂದು ಒಳಗೆ ಹೋದಾಗ ಅವಳು ಹೇಳಿದಳು: "ರಮ್ಯಾ, ಆ ಪೇಪರ್ ನಿನ್ನ ಹೆಸರಲ್ಲೇ ಹೋಗ್ಬಹುದಿತ್ತು. ರೂಲ್ಸ್ ಅಡ್ಡ ಇರಲಿಲ್ಲ."

ರಮ್ಯಶ್ರೀ ಹರವಿದ್ದ ಉತ್ತರಪತ್ರಿಕೆಗಳನ್ನು ಜೋಡಿಸಿ ಪಕ್ಕಕ್ಕಿಟ್ಟಳು.

"ಇಂಟರ್‌ವ್ಯೂನಲ್ಲಿ ಕೇಳಿದ್ರು ಮೇಡಂ. ಪತ್ರವ್ಯವಹಾರಕ್ಕೆ ಗೈಡ್ ಹೆಸರಿದೆ, ಇದರಲ್ಲಿ ನಿಮ್ಮದೇನಮ್ಮ, ಡೇಟಾ ತಂದುಕೊಟ್ರಾ ಅಂತ ನಕ್ಕರು. ಇಲ್ಲ ಸಾರ್, ರೂಲ್ಸ್ ಹಂಗಿತ್ತು, ನಮ್ಮ ಮೇಡಂ ಅಂಥೋರಲ್ಲ ಅಂದೆ." ಅವಳ ದನಿ ಏರಲಿಲ್ಲ. "ನಿಮ್ಮ ಪರವಾಗಿ ಜಗಳ ಆಡಿ ಬಂದೆ."

ಬೈದಿದ್ದರೆ ಶೋಭಾರಾಣಿ ತಡೆದುಕೊಳ್ಳುತ್ತಿದ್ದಳೇನೋ.

"ಸಂಪಾದಕರಿಗೆ ಬರೀತೀನಿ. ತಿದ್ದುಪಡಿ ಹಾಕ್ತಾರೆ. ಮಹದೇವ್ ಹತ್ರಾನೂ ಮಾತಾಡ್ತೀನಿ. ಲೇಖನಕ್ಕೆ ಬೀಗ ಬೀಳಲ್ಲ, ಎಲ್ಲರೂ ಓದೋ ಹಂಗೇ ಇರತ್ತೆ."

"ಇಲ್ಲೇ ಬರೀರಿ ಮೇಡಂ."

ಶೋಭಾರಾಣಿ ಚೀಲದಿಂದ ಲ್ಯಾಪ್‌ಟಾಪ್ ತೆಗೆದಳು. ಪಕ್ಕದ ಮನೆಯ ಹೊಲಿಗೆ ಮಿಷನ್ನು ಗೋಡೆಯಾಚೆ ಗರಗರ ಅನ್ನುತ್ತಿತ್ತು. ಬರೆದದ್ದನ್ನು ಹುಡುಗಿಯತ್ತ ತಿರುಗಿಸಿದಳು. ರಮ್ಯಶ್ರೀ ನಿಧಾನವಾಗಿ ಓದಿ ಒಂದು ಕಡೆ ಬೆರಳಿಟ್ಟಳು.

"ಕಣ್ತಪ್ಪಿನಿಂದ ಹೀಗಾಯಿತು ಅಂತ ಬರೆದಿದ್ದೀರಲ್ಲ, ಕಣ್ತಪ್ಪಾ ಮೇಡಂ?"

ಹನುಮಕ್ಕ ಕಾಫಿ ಹಿಡಿದು ಹೊರಬಂದವರು ಇಬ್ಬರ ಮುಖ ನೋಡಿ ಹೊಸಿಲಲ್ಲೇ ನಿಂತರು.

"ಅಲ್ಲ," ಎಂದಳು ಶೋಭಾರಾಣಿ. ಆ ಮಾತನ್ನು ಅಳಿಸಿ, ಅದರ ಜಾಗದಲ್ಲಿ ನಿಜ ಏನೆಂದು ಬರೆಯತೊಡಗಿದಳು. ರಮ್ಯಶ್ರೀ ಪಕ್ಕದಲ್ಲೇ ಕೂತು, ಅವಸರ ಮಾಡದೆ, ಪರದೆಯನ್ನೇ ನೋಡುತ್ತಿದ್ದಳು.