ತೊಂಬತ್ತೊಂದರ ಸದ್ದು

ನನ್ನ ಗಂಡ ಲೆನ್ ಹಾರ್ಸ್‌ಫಾಲ್ ಫೆಬ್ರವರಿ ಎರಡರಂದು ತೀರಿಕೊಂಡ. ಮೇ ತಿಂಗಳು ಬಂದರೂ ಅವನಿಗೆ ಮಣ್ಣು ಸಿಕ್ಕಿರಲಿಲ್ಲ. ದಹನದವರು ಕೊಟ್ಟ ಹಸಿರು ಪ್ಲಾಸ್ಟಿಕ್ ಡಬ್ಬಿಯಲ್ಲಿ, ಊಟದ ಕೋಣೆಯ ಕಪಾಟಿನ ಮೇಲೆ, ಹಬ್ಬಕ್ಕೆ ಮಾತ್ರ ತೆಗೆಯುವ ಪಿಂಗಾಣಿ ಬಟ್ಟಲುಗಳ ಪಕ್ಕದಲ್ಲಿ ಕೂತಿದ್ದ. ಇದಕ್ಕೆ ಮಳೆ ಕಾರಣವಲ್ಲ, ಚಾಪೆಲ್ಲಿನವರೂ ಕಾರಣವಲ್ಲ. ಯಾವ ಎಂಜಿನ್ ಯಾವುದು ಎಂದು ಇಬ್ಬರು ಗಂಡಸರಿಗೆ ತೀರ್ಮಾನಿಸಲು ಆಗಲಿಲ್ಲ.

ಇಬ್ಬರೂ ಎಪ್ಪತ್ತು ದಾಟಿದವರು. ಡೆಸ್ಮಂಡ್ ಪರ್ಕಿಸ್ ಅಂಚೆ ಇಲಾಖೆಯಲ್ಲಿದ್ದವನು, ಈಗ ಡೀಸೆಲ್ ಸಂಘದ ಕಾರ್ಯದರ್ಶಿ. ನೆವಿಲ್ ಟಾರ್ಡಾಫ್ ಉಣ್ಣೆ ಗಿರಣಿಯಲ್ಲಿ ಮಗ್ಗ ರಿಪೇರಿ ಮಾಡುತ್ತಿದ್ದವನು. ನಲವತ್ತು ವರ್ಷಗಳಿಂದ ರೈಲಿನ ಸದ್ದುಗಳನ್ನು ಟೇಪಿನಲ್ಲಿ ಮುದ್ರಿಸಿ ಇಡುತ್ತಾ ಬಂದಿದ್ದಾನೆ. ಲೆನ್ ಅವರಿಗೆ ಮೂರನೆಯವನು. ಅರವತ್ತರ ದಶಕದಲ್ಲಿ ನಮ್ಮ ದೇಶದಲ್ಲೇ ಕಟ್ಟಿದ ಡೀಸೆಲ್ ಎಂಜಿನ್ನುಗಳು ಹಳೆಯದಾದವೆಂದು ಗುಜರಿಗೆ ಹೋಗುತ್ತಿದ್ದಾಗ, ಇಂಥ ನಾಲ್ಕು ಜನ ಸೇರಿ ಕೆಲವನ್ನು ಉಳಿಸಿಕೊಂಡರು. ನಮ್ಮ ಆಕ್ಸ್‌ಕ್ಲಫ್‌ನ ಹಳೆ ಮಾರ್ಗದಲ್ಲಿ ಅವು ಈಗಲೂ ಓಡುತ್ತವೆ. ಅವುಗಳಲ್ಲಿ ಒಂದು ಬಗೆಗೆ ಇವರು ಸಿಳ್ಳೆಗಾರ ಎನ್ನುತ್ತಾರೆ. ಏರು ಹತ್ತುವಾಗ ಅದು ಒಳಗಿನಿಂದ ಸಣ್ಣಗೆ ಸಿಳ್ಳೆ ಹಾಕುತ್ತದೆ, ಕೆಳಗೆ ದಪ್ಪನೆಯ ಬಡಿತವೊಂದು ಇರುತ್ತದೆ. ನನ್ನ ಕಿವಿಗೆ ಅದು ಪಕ್ಕದ ಮನೆಯಲ್ಲಿ ಕೆಟಲ್ ಕುದಿಯುತ್ತಿರುವಾಗಲೇ ಮಹಡಿಯ ಮೇಲೆ ಯಾರೋ ಬೀರು ಎಳೆದಂತೆ ಕೇಳುತ್ತದೆ. ಲೆನ್ ಅದನ್ನು ಕೇಳಿ ಕಣ್ಣೀರು ಹಾಕುತ್ತಿದ್ದ.

ಅವನು ಬಿಟ್ಟುಹೋದ ಚೀಟಿಯಲ್ಲಿ ಇದ್ದುದು ಇಷ್ಟು: "ನನ್ನನ್ನು ಆಕ್ಸ್‌ಕ್ಲಫ್ ಏರಿನಲ್ಲಿ, ತೊಂಬತ್ತೊಂದು ಹತ್ತುವ ಸದ್ದಿನಲ್ಲಿ ಮಣ್ಣಿಗೆ ಹಾಕಿ. ಹಾಡು ಬೇಡ. ಆ ಸದ್ದೇ ಸಾಕು." ತೊಂಬತ್ತೊಂದು ಅಂಥ ಒಂದು ಸಿಳ್ಳೆಗಾರನ ನಂಬರು.

ಉಗಿಬಂಡಿಯವರಿಗೆ ಈ ಕಷ್ಟವಿಲ್ಲ. ಅವರಲ್ಲಿ ಯಾರಾದರೂ ಸತ್ತರೆ ಬೂದಿಯನ್ನು ಕಲ್ಲಿದ್ದಲ ಸಲಿಕೆಯಲ್ಲಿ ಎಂಜಿನ್ನಿನ ಒಲೆಗೆ ಹಾಕುತ್ತಾರೆ, ಸತ್ತವನು ಹೊಗೆಯಾಗಿ ಹೋಗುತ್ತಾನೆ, ಉಳಿದವರು ಟೀ ಕುಡಿಯಲು ಹೋಗುತ್ತಾರೆ. ಡೀಸೆಲ್ಲಿಗೆ ಒಲೆಯಿಲ್ಲ. ಗಾಳಿ ಎಳೆದುಕೊಳ್ಳುವ ಕಿಂಡಿಯಲ್ಲಿ ಹಾಕಬಹುದೇ ಎಂದು ಪರ್ಕಿಸ್ ಶೆಡ್ಡಿನ ಮೇಸ್ತ್ರಿಯನ್ನು ಕೇಳಿದನಂತೆ. ಮೇಸ್ತ್ರಿ ಕೊಟ್ಟ ಉತ್ತರವನ್ನು ಪರ್ಕಿಸ್ ನನ್ನ ಮುಂದೆ ಹೇಳಲಿಲ್ಲ. ಕೊನೆಗೆ ಏರಿನ ಪಕ್ಕದ ಹೊಲದವನು ತನ್ನ ಕಲ್ಲುಗೋಡೆಯ ಬುಡದಲ್ಲಿ ಒಂದು ಗುಣಿ ತೋಡಿಕೊಳ್ಳಲು ಒಪ್ಪಿದ.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಎಂಟು ವರ್ಷಗಳ ಹಿಂದೆ ತೊಂಬತ್ತೊಂದು ನಂಬರಿನ ಗಾಡಿಯ ಒಳಗಿನ ಎಂಜಿನ್ ಬಿರುಕು ಬಿಟ್ಟಿತ್ತು. ಅದನ್ನು ಹೊರಗೆ ತೆಗೆದು, ಎಪ್ಪತ್ತಾರು ಎಂಬ ಇನ್ನೊಂದು ಸಿಳ್ಳೆಗಾರನ ಎಂಜಿನ್ನನ್ನು ಅದಕ್ಕೆ ಕೂರಿಸಿದರು. ಬಿರುಕು ಬೆಸೆದಾದ ಮೇಲೆ ಹಳೆಯದನ್ನು ಖಾಲಿ ನಿಂತಿದ್ದ ಎಪ್ಪತ್ತಾರಕ್ಕೆ ಹಾಕಿದರು. ಹೀಗೆ ಒಂದರ ಮೈಯಲ್ಲಿ ಇನ್ನೊಂದರ ಎದೆ.

"ಲೆನ್ ಬರೆದಿರೋದು ನಂಬರ್ರು, ಅಕ್ಕಾ," ಎಂದು ಪರ್ಕಿಸ್ ನನ್ನ ಅಡುಗೆಮನೆಯಲ್ಲಿ ಕೂತು ಹೇಳುತ್ತಿದ್ದ. "ನಂಬರ್ರು ಅಂದ್ರೆ ಗಾಡಿ. ಗಾಡಿ ಅಂದ್ರೆ ತೊಂಬತ್ತೊಂದು. ಇದ್ರಲ್ಲಿ ಮಾತಾಡೋಕೇನಿದೆ?"

"ಅವ್ನು ಬರೆದಿರೋದು ಸದ್ದು," ಎಂದು ಟಾರ್ಡಾಫ್ ಮರುದಿನ ಅದೇ ಕುರ್ಚಿಯಲ್ಲಿ ಕೂತು ಹೇಳುತ್ತಿದ್ದ. "ಸದ್ದು ತಗಡಿನಿಂದ ಬರುತ್ತಾ? ಪರ್ಕಿಸ್‌ಗೆ ಕಿವಿ ಇಲ್ಲ ಅಕ್ಕಾ, ಇರೋದು ಬರೀ ರಿಜಿಸ್ಟರ್ರು."

ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು. ಸಂಘದಲ್ಲಿ ಮತಕ್ಕೆ ಹಾಕಿದರು. ಹನ್ನೊಂದು, ಹನ್ನೊಂದು ಬಿತ್ತು. ಲಿಂಕನ್‌ಷೈರಿನಿಂದ ಯಾರೋ ನಾನು ಕಾಣದವರು ನನಗೆ ನಾಲ್ಕು ಪುಟದ ಪತ್ರ ಬರೆದರು. ನನ್ನ ಗಂಡ ಸತ್ತಿದ್ದ ವಿಷಯ ಆ ಪತ್ರದ ಮೂರನೆಯ ಪುಟದಲ್ಲಿತ್ತು.

ನನ್ನ ಚಿಂತೆ ಬೇರೆ ಇತ್ತು. ಲೆನ್ ಇಪ್ಪತ್ತು ವರ್ಷಗಳಿಂದ ಚಾಪೆಲ್ಲಿಗೆ ಬರುತ್ತಿರಲಿಲ್ಲ. ಭಾನುವಾರ ನಾನು ಹಾರ್ಮೋನಿಯಂ ನುಡಿಸುವಾಗ ಅವನು ಶೆಡ್ಡಿನಲ್ಲಿ ಎಂಜಿನ್ನಿನ ಎಣ್ಣೆ ಮೆತ್ತಿಕೊಂಡಿರುತ್ತಿದ್ದ. ಸಿಟ್ಟಿನಿಂದಲ್ಲ, ಯಾವತ್ತೋ ಒಂದು ವಾರ ತಪ್ಪಿತು, ಆಮೇಲೆ ಎಲ್ಲವೂ ತಪ್ಪಿದವು. ಹಾಡು ಬೇಡವೆಂದರೆ ಬೇಡ. ಆದರೆ ಮಣ್ಣಿಗೆ ಹಾಕುವಾಗ ದೇವರಿಗೆ ಒಪ್ಪಿಸುವ ಮಾತುಗಳನ್ನು ಅವನ ಮೇಲೆ ಹೇಳಲೇಬೇಕು, ನಾನು ಅವನ್ನು ನನ್ನ ಕಿವಿಯಾರೆ ಕೇಳಬೇಕು ಎಂದು ಹಟ ಹಿಡಿದಿದ್ದೆ. ಕೇಳದೆ ಹೋದರೆ ಅವನನ್ನು ದೇವರ ಕೈಯಲ್ಲಿ ಬಿಟ್ಟುಬಂದೆನೆಂಬ ನೆಮ್ಮದಿ ನನಗೆ ಬರುವಂತಿರಲಿಲ್ಲ.

ಮೇ ತಿಂಗಳ ಮೂರನೆಯ ಶನಿವಾರ ಡೀಸೆಲ್ ಉತ್ಸವ. ಅಂದು ಎರಡೂ ಸಿಳ್ಳೆಗಾರರು ಓಡುತ್ತಾರೆ: ಎಪ್ಪತ್ತಾರು ಹನ್ನೊಂದು ನಲವತ್ತಕ್ಕೆ, ತೊಂಬತ್ತೊಂದು ಎರಡೂಕಾಲು ಗಂಟೆಗೆ. ಅಂದು ಆಗದಿದ್ದರೆ ಇನ್ನು ಆಗುವುದಿಲ್ಲವೆಂದು ಇಬ್ಬರಿಗೂ ಫೋನಿನಲ್ಲಿ ಹೇಳಿದೆ. ನಮ್ಮ ಚಾಪೆಲ್ಲಿನ ಸಭಾಪಾಲಕಿ ಫೊಲಾಕೆ ಅಡೆಯಿಂಕಾ ತಮ್ಮ ಕಾರಿನಲ್ಲಿ ನನ್ನನ್ನು ಹೊಲದ ಗೇಟಿನವರೆಗೆ ಕರೆತಂದರು. ಡಬ್ಬಿ ನನ್ನ ಸಂತೆಚೀಲದಲ್ಲಿತ್ತು, ಸ್ಯಾಂಡ್‌ವಿಚ್ಚುಗಳು ಅವರ ಕೈಯಲ್ಲಿ.

ಟಾರ್ಡಾಫ್ ಆಗಲೇ ಬಂದು ಗುಣಿ ತೋಡಿದ್ದ. ಗೋಡೆಯ ಮೇಲೆ, ಬೆಕ್ಕಿನ ಬಾಲದಂತೆ ತುಪ್ಪಳ ಹೊದಿಸಿದ ಎರಡು ಮೈಕುಗಳು ಹಳಿಯತ್ತ ಮುಖ ಮಾಡಿ ನಿಂತಿದ್ದವು. ಪರ್ಕಿಸ್ ಕಪ್ಪು ಟೈ ಕಟ್ಟಿ ದೂರದಲ್ಲಿ ನಿಂತಿದ್ದ.

ಟಾರ್ಡಾಫ್ ಸಭಾಪಾಲಕಿಯ ಬಳಿ ಬಂದು ಟೋಪಿ ತೆಗೆದ. "ಅಮ್ಮಾವ್ರೇ, ಒಂದು ಮಾತು. ತಪ್ಪು ತಿಳ್ಕೋಬೇಡಿ. ಗಾಡಿ ಕೆಳಗಿನ ಸೇತುವೆ ದಾಟಿದ ಮೇಲೆ, ಮೇಲಿನ ತಿರುವು ಮುಗಿಯೋವರೆಗೆ, ಸುಮಾರು ಮೂರು ನಿಮಿಷ, ಯಾರೂ ಮಾತಾಡದಿದ್ರೆ ಒಳ್ಳೇದು."

"ನಾನು ಬಂದಿರೋದೇ ಮಾತಾಡೋಕಲ್ವಾ, ನೆವಿಲ್?" ಎಂದರು ಅವರು.

"ಮುಂಚೆ ಮಾತಾಡ್ಬಹುದು. ಆಮೇಲೂ ಮಾತಾಡ್ಬಹುದು. ಮಧ್ಯದಲ್ಲಿ ಮನುಷ್ಯರ ದನಿ ಬಿದ್ರೆ ಸದ್ದು ಕೆಡುತ್ತೆ."

ನನಗೆ ಮೈ ಉರಿಯಿತು. ಮದುವೆಯಾದ ಮರುದಿನ ನಾವು ಸ್ಕಾರ್‌ಬರೋಗೆ ರೈಲಿನಲ್ಲಿ ಹೊರಟಾಗ ನಾನು ಏನೋ ಹೇಳಲು ಬಾಯಿ ತೆರೆದಿದ್ದೆ. ಲೆನ್ ಕಿಟಕಿಯಿಂದ ತಲೆ ಒಳಗೆ ಎಳೆದುಕೊಂಡು ತುಟಿಯ ಮೇಲೆ ಬೆರಳಿಟ್ಟ. ಏರು ಮುಗಿಯುವ ಹೊತ್ತಿಗೆ ಏನು ಹೇಳಬೇಕೆಂದಿದ್ದೆನೋ ಮರೆತುಹೋಗಿತ್ತು.

"ನೆವಿಲ್ ಟಾರ್ಡಾಫ್," ಎಂದೆ, "ಐವತ್ತು ವರ್ಷ ಸುಮ್ಮನಿದ್ದೀನಿ. ಇವತ್ತು ಇರಲ್ಲ."

"ಅಕ್ಕ ಇವತ್ತು ಈ ಗಾಡಿಗೆ ಸುಮ್ಮನಿರೋ ಅಗತ್ಯಾನೂ ಇಲ್ಲ," ಎಂದು ಪರ್ಕಿಸ್ ದೂರದಿಂದಲೇ ಹೇಳಿದ. "ಈಗ ಬರೋದು ಎಪ್ಪತ್ತಾರು. ಲೆನ್ ಕೇಳಿದ್ದು ಅದನ್ನಲ್ಲ."

"ಅದರೊಳಗೆ ಇರೋದು ಯಾರು, ನಿಮ್ಮಪ್ಪನಾ?" ಎಂದ ಟಾರ್ಡಾಫ್.

"ನೀನು ಸತ್ತಾಗ ನಿನ್ನ ಗುಂಡಿಗೇನ ನನಗೆ ಹಾಕಿದ್ರೆ ನಾನು ಟಾರ್ಡಾಫ್ ಆಗ್ತೀನಾ?"

"ಹಾಕಿದ್ರೆ ನಿನಗೊಂದಿಷ್ಟು ಬುದ್ಧಿಯಾದ್ರೂ ಬರುತ್ತಿತ್ತು."

"ಸಾಕು," ಎಂದರು ಸಭಾಪಾಲಕಿ. ಅವರು ಮಕ್ಕಳ ಆಸ್ಪತ್ರೆಯಲ್ಲಿ ಹತ್ತು ವರ್ಷ ನರ್ಸಾಗಿದ್ದವರು. ಆ ಒಂದು ಮಾತಿಗೆ ಇಬ್ಬರೂ ನಿಂತರು. "ಎನಿಡ್, ನಿಮಗೇನಾದ್ರೂ ಗೊತ್ತಾ? ಎಂಜಿನ್ ಬದಲಾಯಿಸಿದ ಮೇಲೆ ಲೆನ್ ಮನೇಲಿ ಏನಾದ್ರೂ ಅಂದಿರಬೇಕಲ್ಲ."

ಇಬ್ಬರೂ ನನ್ನತ್ತ ತಿರುಗಿದರು. ಮೂರು ತಿಂಗಳಲ್ಲಿ ಈ ಪ್ರಶ್ನೆ ಅವರಿಗೆ ಹೊಳೆದಿರಲಿಲ್ಲ. ನನಗೆ ಹೊಳೆದಿತ್ತು. ಅದಕ್ಕೆ ಹೆದರಿಕೊಂಡೇ ಇದ್ದೆ.

ಅವನು ಹೇಳಿದ್ದ. ಎಂಜಿನ್ ಅದಲುಬದಲಾದ ಆ ಸಂಜೆ ಮನೆಗೆ ಬಂದು, ಕೋಟೂ ಬಿಚ್ಚದೆ ಅಡುಗೆಮನೆಯ ಮೇಜಿನ ಮುಂದೆ ಕೂತು ಬಹಳ ಹೊತ್ತು ಮಾತಾಡಿದ. ನಾನು ಭಾನುವಾರಕ್ಕೆ ಕೀರ್ತನೆಗಳನ್ನು ಆರಿಸುತ್ತಿದ್ದೆ. "ಹೌದಾ" ಎಂದೆ. ಆಮೇಲೆ ಎಂಟು ವರ್ಷ, ಎಷ್ಟೋ ಸಂಜೆ, ಅವನು ಅದೇ ವಿಷಯ ಎತ್ತಿದ್ದಾನೆ. ಅಷ್ಟೂ ಸಲ ನಾನು "ಹೌದಾ" ಎಂದಿದ್ದೇನೆ. ಒಂದು ಮಾತೂ ಒಳಗೆ ಹೋಗಿಲ್ಲ. ಅವನು ತುಟಿಯ ಮೇಲೆ ಬೆರಳಿಟ್ಟದ್ದನ್ನು ಐವತ್ತು ವರ್ಷ ನೆನಪಿಟ್ಟುಕೊಂಡೆ. ಅವನು ಬಾಯಿಬಿಟ್ಟು ಹೇಳಿದ್ದನ್ನು ಒಂದು ಸಂಜೆಯೂ ಇಟ್ಟುಕೊಳ್ಳಲಿಲ್ಲ.

"ಹೇಳಿದ್ದ," ಎಂದೆ. "ನಾನು ಕೇಳಿಸಿಕೊಳ್ಳಲಿಲ್ಲ."

ಟಾರ್ಡಾಫ್ ಮೈಕಿನ ತುಪ್ಪಳ ಸವರುತ್ತಾ ನಿಂತ. ಅವನಿಗೆ ನನ್ನ ಮೇಲೆ ಬೇಸರವಾಗಿದ್ದರೆ ನ್ಯಾಯವೇ. ಆದರೆ ನನಗೆ ನನ್ನ ಮೇಲೆ ಬಂದ ಸಿಟ್ಟು ಹೋಗಿ ಅವರ ಮೇಲೆ ಬಿತ್ತು.

"ಹಾಗಾದ್ರೆ ಅರ್ಧ ಮಾಡಿ," ಎಂದೆ. "ಈಗ ಅರ್ಧ, ಎರಡೂಕಾಲಿಗೆ ಅರ್ಧ. ಸೊಲೊಮೋನ ಅರಸ ಹೇಳಿದ ಹಾಗೆ. ಇಬ್ಬರಿಗೂ ಸಮಾಧಾನವಾಗಲಿ."

ಭಾನುವಾರದ ಶಾಲೆಗೆ ಹೋದ ಯಾವ ಮಗುವಿಗೂ ಆ ಕಥೆ ಗೊತ್ತು. ಒಂದು ಕೂಸಿಗಾಗಿ ಇಬ್ಬರು ಹೆಂಗಸರು ಜಗಳವಾಡಿದಾಗ ಅರಸ ಕತ್ತಿ ತರಿಸುತ್ತಾನೆ; ನಿಜವಾದ ತಾಯಿ, ಕಡಿಯಬೇಡಿ, ಅವಳಿಗೇ ಕೊಟ್ಟುಬಿಡಿ ಎನ್ನುತ್ತಾಳೆ. ಇವರಲ್ಲಿ ಒಬ್ಬನಾದರೂ ನಾಚಿಕೊಂಡು ಹಿಂದೆ ಸರಿಯುತ್ತಾನೆ ಎಂದುಕೊಂಡಿದ್ದೆ.

ಪರ್ಕಿಸ್ ಗಡ್ಡ ಕೆರೆದುಕೊಂಡ. "ಅದೂ ಆಗಬಹುದು," ಎಂದ.

"ನನ್ನದೂ ಅಡ್ಡಿಯಿಲ್ಲ," ಎಂದ ಟಾರ್ಡಾಫ್. "ಆದರೆ ತೂಕ ಸರಿಸಮ ಇರಬೇಕು. ಕಣ್ಣಂದಾಜು ಬೇಡ."

"ನನ್ನ ಕಾರಲ್ಲಿ ಅಂಚೆ ತಕ್ಕಡಿ ಇದೆ."

"ಮತ್ತೆ ತರಬಾರದಾ?"

ಸಭಾಪಾಲಕಿ ಪುಸ್ತಕವನ್ನು ಮುಖಕ್ಕೆ ಹಿಡಿದು ಆಚೆ ತಿರುಗಿದರು. ಅವರ ಹೆಗಲು ಕುಲುಕುತ್ತಿತ್ತು. ಪರ್ಕಿಸ್ ನಿಜವಾಗಿಯೂ ಗೇಟಿನತ್ತ ನಾಲ್ಕು ಹೆಜ್ಜೆ ಇಟ್ಟ. ಮೂರು ತಿಂಗಳಲ್ಲಿ ಇಬ್ಬರೂ ಒಪ್ಪಿದ ಮೊದಲ ಮಾತು ಅದು. ನಾನು ಚೀಲವನ್ನು ಎರಡು ಕೈಯಿಂದ ಎದೆಗೆ ಒತ್ತಿಕೊಂಡಿದ್ದೆ ಎಂಬುದು ಆಗ ಗಮನಕ್ಕೆ ಬಂತು.

"ಬೇಡ," ಎಂದೆ. "ಅವನನ್ನು ಯಾರೂ ತೂಗೋದು ಬೇಡ. ಮುಂದೆ ಯಾವ ಗಾಡಿ ಬರುತ್ತೋ ಅದಕ್ಕೆ ಇಡೀ ಮನುಷ್ಯ ಹೋಗ್ಲಿ. ನೆವಿಲ್, ನಿನ್ನ ಯಂತ್ರ ಹಾಕ್ಕೋ. ಅಮ್ಮಾ, ನೀವು ಓದೋದೂ ಬೇಡ. ಅವನು ಕೇಳಿರೋದು ಸದ್ದು ಮಾತ್ರ. ಅದನ್ನಾದ್ರೂ ನಾನು ಒಂದು ಸಲ ಕೇಳಿಸಿಕೊಂಡೆ ಅಂತಾಗಲಿ."

ಫೊಲಾಕೆ ನನ್ನನ್ನು ನೋಡಿದರು. ಪುಸ್ತಕ ಮುಚ್ಚಿದರು.

ಪರ್ಕಿಸ್ ನಿಂತಲ್ಲೇ ನಿಂತ. "ಅಕ್ಕಾ, ನಾನು ಬೆನ್ನು ತಿರುಗಿಸ್ತೀನಿ. ನಿಮಗೆ ಅವಮಾನ ಮಾಡಬೇಕು ಅಂತಲ್ಲ. ಅದು ತೊಂಬತ್ತೊಂದಲ್ಲ, ಅಷ್ಟೇ."

"ತಿರುಗಿಸಿಕೋ," ಎಂದೆ.

ಕಣಿವೆಯ ಕೆಳಗೆ ಅದು ಶುರುವಾಯಿತು. ಮೊದಲು ಬಡಿತ ಅಂಗಾಲಿನಲ್ಲಿ ತಿಳಿಯಿತು, ಆಮೇಲೆ ಸಿಳ್ಳೆ. ಸೇತುವೆ ದಾಟಿದ ಮೇಲೆ ಚಾಲಕ ಎಂಜಿನ್ನಿನ ಹಿಡಿಕೆಯನ್ನು ಪೂರ್ತಿ ಎಳೆದಿರಬೇಕು. ಗೋಡೆಯ ಕಲ್ಲುಗಳು ಒಂದಕ್ಕೊಂದು ತಾಗಿ ಸಣ್ಣಗೆ ಗದಗುಟ್ಟಿದವು. ನಾನು ಮೊಣಕಾಲೂರಿ ಡಬ್ಬಿಯ ಮುಚ್ಚಳ ತೆಗೆದು ಲೆನ್‌ನನ್ನು ಗುಣಿಗೆ ಸುರಿಯತೊಡಗಿದೆ. ಕಿಟಕಿಗಳಿಂದ ತಲೆಗಳು ಹೊರಬಂದಿದ್ದವು, ಬಿಳಿ ಗಡ್ಡದವರು ತೋಳು ಬೀಸುತ್ತಿದ್ದರು. ಅವರ ಬಾಯಿ ತೆರೆದಿತ್ತು, ದನಿ ಕೇಳುತ್ತಿರಲಿಲ್ಲ.

ಆಗ ನನ್ನ ಬಲಗಿವಿಗೆ ಬಿಸಿ ಉಸಿರು ತಾಗಿತು. ಫೊಲಾಕೆ ಒದ್ದೆ ಹುಲ್ಲಿನ ಮೇಲೆ ನನ್ನ ಪಕ್ಕ ಮೊಣಕಾಲೂರಿ, ಬಾಯಿಯನ್ನು ನನ್ನ ಕಿವಿಗೆ ಇಟ್ಟು ಹೇಳುತ್ತಿದ್ದರು. ಮಣ್ಣಿಗೆ ಮಣ್ಣು, ಬೂದಿಗೆ ಬೂದಿ, ಧೂಳಿಗೆ ಧೂಳು. ಪುನರುತ್ಥಾನದ ನಿಶ್ಚಯವಾದ ನಿರೀಕ್ಷೆಯಲ್ಲಿ. ಒಂದು ಪದವೂ ತಪ್ಪಲಿಲ್ಲ. ಎಡಗಿವಿಯ ತುಂಬ ಎಂಜಿನ್ ಇತ್ತು. ಮಣ್ಣನ್ನು ಕೈಯಿಂದಲೇ ಎಳೆದೆ. ಆಮೆನ್ ಎಂದು ನಾನು ಎಷ್ಟು ಜೋರಾಗಿ ಹೇಳಿದೆನೋ ನನಗೆ ತಿಳಿಯದು.

ಗಾಡಿ ತಿರುವು ದಾಟಿತು. ಟಾರ್ಡಾಫ್ ಕಣ್ಣು ಮುಚ್ಚಿ ನಿಂತಿದ್ದ, ಕೆನ್ನೆ ಒದ್ದೆಯಾಗಿತ್ತು. ಧ್ವನಿಮುದ್ರಣ ಹೇಗೆ ಬಂತು ಎಂದು ಅವನು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಪರ್ಕಿಸ್ ತಿರುಗಿ ಬಂದು ಗುಣಿಯ ಮೇಲೆ ಹುಲ್ಲಿನ ಹೆಂಟೆಯನ್ನು ಕೂರಿಸಿ ಬೂಟಿನಿಂದ ಮೆಲ್ಲಗೆ ಒತ್ತಿದ. "ನಾನು ಎರಡೂಕಾಲಿನವರೆಗೆ ಇರ್ತೀನಿ," ಎಂದ. "ಅದು ಬರುವಾಗ ಇಲ್ಲಿ ಯಾರಾದ್ರೂ ಇರಬೇಕು. ನೀವು ಹೊರಡಿ, ಅಕ್ಕಾ."

"ಎರಡೂವರೆ ಗಂಟೆ ಇಲ್ಲಿ ನಿಂತು ಏನ್ ಮಾಡ್ತೀಯ, ಡೆಸ್ಮಂಡ್?"

"ಕಾಯ್ತೀನಿ."

ಹ್ಯಾಮ್ ಸ್ಯಾಂಡ್‌ವಿಚ್ಚು ಎಂಟು ಮಂದಿಗೆ ಸಾಲುವಷ್ಟಿತ್ತು. ನಾವು ನಾಲ್ವರೂ ಗೋಡೆಗೆ ಒರಗಿ ಕೂತು ತಿಂದೆವು. ಅಂಚೆ ತಕ್ಕಡಿಯ ಮಾತು ಬಂದಾಗ ಫೊಲಾಕೆ ನಕ್ಕು ಬಾಯಲ್ಲಿದ್ದ ಚಹಾ ಉಗುಳಿಕೊಂಡರು. ಟಾರ್ಡಾಫ್ ಮೈಕು ಬಿಚ್ಚಿಟ್ಟ, ಪರ್ಕಿಸ್ ಅವನನ್ನು, "ತೊಂಬತ್ತೊಂದನ್ನ ಮುದ್ರಿಸಲ್ವಾ?" ಎಂದು ಕೇಳಿದ. ಟಾರ್ಡಾಫ್ ಒಂದು ಕ್ಷಣ ಯೋಚಿಸಿ, ಗೊಣಗುತ್ತಾ ಮತ್ತೆ ಜೋಡಿಸಿದ.

ಎರಡೂಕಾಲಿಗೆ ತೊಂಬತ್ತೊಂದು ಬಂತು. ಈ ಸಲ ನನ್ನ ಎರಡೂ ಕಿವಿ ಖಾಲಿ ಇದ್ದವು. ಕಣ್ಣು ಮುಚ್ಚಿ, ಉಸಿರು ಹಿಡಿದು, ಸೇತುವೆಯಿಂದ ತಿರುವಿನವರೆಗೆ ನನಗೆ ಸಾಧ್ಯವಿದ್ದಷ್ಟು ಕೇಳಿದೆ.

"ಕೇಳಿದ್ರಾ, ಅಕ್ಕಾ?" ಎಂದ ಪರ್ಕಿಸ್. "ಇದಕ್ಕೂ ಅದಕ್ಕೂ ಇರೋ ವ್ಯತ್ಯಾಸ?"

ಟಾರ್ಡಾಫ್ ಕೂಡ ನನ್ನ ಮುಖವನ್ನೇ ನೋಡುತ್ತಿದ್ದ.

ನನಗೆ ಎರಡೂ ಒಂದೇ ಥರ ಕೇಳಿತ್ತು.

"ಕೇಳಿದೆ," ಎಂದೆ. "ಲೆನ್ ಹೇಳ್ತಿದ್ದ ಹಾಗೇ ಇದೆ."

ಏನು ಹೇಳುತ್ತಿದ್ದ ಎಂದು ಅವರು ಕೇಳಲಿಲ್ಲ. ನಾನು ಕೇಳಿಸಿಕೊಂಡೇ ಇರಲಿಲ್ಲವೆಂಬುದನ್ನು ಅವರು ಮರೆತಿದ್ದರಿಂದಲೋ, ನನ್ನ ಮೇಲಿನ ಕರುಣೆಯಿಂದಲೋ, ತಿಳಿಯದು.