ಹಿಡಿ ತಿರುಗಿಸಿಟ್ಟ ಡಬ್ಬಿ

ಅವನನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಬಣ್ಣದ ಡಾಕ್ಟರು ಅಂದರೆ ಸಾಕು, ಬಸ್ಸಿನಿಂದ ಇಳಿದವರಿಗೂ ದಾರಿ ತೋರಿಸುತ್ತಿದ್ದರು. ನುಜ್ಜುಗುಜ್ಜಾದ ಕಾರಿನ ಬಾಗಿಲನ್ನು ಅವನ ಶೆಡ್ಡಿಗೆ ತಂದು ಬಿಟ್ಟರೆ, ಪೆಟ್ಟು ಎಲ್ಲಿ ಬಿದ್ದಿತ್ತೆಂದು ಕಾರಿನವನೇ ಹುಡುಕಬೇಕಾಗುವಂತೆ ಮಾಡಿ ಕೊಡುತ್ತಿದ್ದ. ಒಮ್ಮೆ ನಿಜವಾದ ಡಾಕ್ಟರೊಬ್ಬರು ಬಂದು ಇವನನ್ನು ‘ಡಾಕ್ಟ್ರೇ’ ಎಂದು ಕರೆದ ಮೇಲಂತೂ ಅವನಿಗೆ ಎರಡು ಕೊಂಬು ಮೂಡಿದವು.

ಇಂಥ ಡಾಕ್ಟರಿಗೆ ಬಣ್ಣವೇ ಕಾಣುತ್ತಿರಲಿಲ್ಲ. ಪೂರ್ತಿ ಕಾಣದೆ ಏನಿರಲಿಲ್ಲ. ಹಳದಿ, ನೀಲಿ ತಿಳಿಯುತ್ತಿತ್ತು. ಕೆಂಪು, ಹಸಿರು, ಕಂದು ಮಾತ್ರ ಅವನ ಕಣ್ಣಿಗೆ ಒಂದೇ ರಾಡಿ. ಚಿಕ್ಕವನಿದ್ದಾಗ ಮರದ ಚಿತ್ರ ಬರೆದು ಎಲೆಗೆಲ್ಲ ಮಣ್ಣಿನ ಬಣ್ಣ ಬಳಿದಿದ್ದನ್ನು ನೋಡಿದ ಅಕ್ಕನಿಗೆ ವಿಷಯ ಗೊತ್ತಿತ್ತು. ಆಮೇಲೆ ಗೊತ್ತಾದದ್ದು ಹೆಂಡತಿಗೆ. ಮದುವೆಯಾದ ಹೊಸತರಲ್ಲಿ ಯಾರದೋ ಕೆಂಪು ಸ್ಕೂಟರಿಗೆ ಅವನು ಕಂದು ಹೊಡೆದು, ಹೆಮ್ಮೆಯಿಂದ ಅವಳನ್ನು ಕರೆದು ತೋರಿಸಿದ. ಅವಳು ನಗಲಿಲ್ಲ. ಸೆರಗು ಸಿಕ್ಕಿಸಿಕೊಂಡು ಡಬ್ಬಿಗಳ ಮುಂದೆ ಕೂತಳು. ಕೂತವಳು ಆ ಸಂಸಾರ ಮುಗಿಯುವ ತನಕ ಏಳಲಿಲ್ಲ.

ಶೆಡ್ಡಿನ ಹಿಂದೆ ಒಂದು ಸಣ್ಣ ಕೋಣೆ, ಅದಕ್ಕೊಂದು ಕಿಟಕಿ. ಅವಳು ಅಲ್ಲಿ ಬಣ್ಣ ಬೆರೆಸಿ, ತಗಡಿನ ಚೂರಿಗೆ ಬಳಿದು, ಒಣಗಿಸಿ, ಬಿಸಿಲಿಗೆ ಹಿಡಿದು ಕಣ್ಣು ಕಿರಿದು ಮಾಡಿ ನೋಡುತ್ತಿದ್ದಳು. ಸರಿಯಾಗದಿದ್ದರೆ ಇನ್ನೊಂದು ಹನಿ, ಮತ್ತೊಂದು ತಗಡು. ಸರಿಯಾದದ್ದನ್ನು ತಂದು ಬೆಂಚಿನ ಮೇಲೆ, ಹಿಡಿ ಗಂಡನ ಕಡೆಗೆ ಬರುವಂತೆ ಇಡುತ್ತಿದ್ದಳು. ಉಳಿದ ಡಬ್ಬಿಗಳ ಹಿಡಿಯೆಲ್ಲ ಗೋಡೆಯ ಕಡೆಗೆ. ಗಿರಾಕಿಗಳ ಎದುರಿಗೇ ಇದು ನಡೆಯುತ್ತಿತ್ತು, ಒಬ್ಬರಿಗೂ ತಿಳಿಯುತ್ತಿರಲಿಲ್ಲ. ಅವನು ಡಬ್ಬಿ ಎತ್ತಿ, ತಲೆ ವಾರೆ ಮಾಡಿ, ಭಾರಿ ಯೋಚನೆ ಮಾಡಿದವನಂತೆ ‘ಹ್ಞೂಂ’ ಅನ್ನುತ್ತಿದ್ದ. ಆ ನಾಟಕಕ್ಕೆ ಮಾತ್ರ ಅವನಿಗೆ ಯಾರ ಸಹಾಯವೂ ಬೇಕಿರಲಿಲ್ಲ.

ನಾಟಕ ಬಹಳ ಕಾಲ ಆಡಿದರೆ ಆಡುವವನೇ ನಂಬಿಬಿಡುತ್ತಾನೆ. ಒಬ್ಬ ಹಳೆಯ ಗಿರಾಕಿ, ಅಮ್ಮಾವರ ಕಣ್ಣು ಬಹಳ ಚುರುಕು, ತಗಡು ನೋಡುವುದನ್ನು ಕಂಡೆ ಎಂದು ಮೆಚ್ಚಿ ಹೇಳಿದ. ಡಾಕ್ಟರಿಗೆ ಎದೆ ಧಸಕ್ಕೆಂದಿತು. ಕೆಲಸದವರೆಲ್ಲ ನಿಂತು ಕೇಳುತ್ತಿರುವಾಗ ಅವನು ನಕ್ಕು, “ಅವಳಿಗೇನ್ರೀ ಗೊತ್ತು? ಡಬ್ಬಿ ತೊಳೆಯೋಕೆ ಬರ್ತಾಳೆ” ಅಂದ. ಅವಳು ಆ ದಿನದ ಡಬ್ಬಿಗಳನ್ನೆಲ್ಲ ನಿಜವಾಗಿಯೂ ತೊಳೆದು, ಬೋರಲು ಹಾಕಿ, ತಂಗಿಯ ಮನೆಗೆ ಹೋದಳು.

ಹೋಗಿ ಕರೆದುಕೊಂಡು ಬರಬೇಕು ಎಂದು ಅವನಿಗೆ ಅನ್ನಿಸದೆ ಇರಲಿಲ್ಲ. ತಾನಾಗಿ ಬರುತ್ತಾಳೆ, ನೀನು ತಗ್ಗಬೇಡ ಎಂದು ಅಕ್ಕ ತಲೆ ತಿಂದಳು. ಅವಳು ಬರಲಿಲ್ಲ, ವಿಚ್ಛೇದನದ ನೋಟೀಸು ಬಂತು. ಅಷ್ಟರಲ್ಲಿ ಅವನು ಬಿಳಿ ಮತ್ತು ಕಪ್ಪು ಕಾರುಗಳನ್ನು ಮಾತ್ರ ತೆಗೆದುಕೊಳ್ಳುತ್ತಿದ್ದ. ಉಳಿದವರಿಗೆ ಪುರುಸೊತ್ತಿಲ್ಲ ಅನ್ನುತ್ತಿದ್ದ. ಡಾಕ್ಟರಿಗೆ ಎಷ್ಟು ಕೆಲಸ ನೋಡಿ ಎಂದು ಜನ ಇನ್ನಷ್ಟು ಹೊಗಳಿದರು.

ಅವನ ವಕೀಲರು ಬಿಡಿಸಿ ಹೇಳಿದರು. ಜೀವನಾಂಶ ಬೇರೆ, ಪಾಲು ಬೇರೆ. ಸ್ವಂತ ದುಡಿಮೆ ಇಲ್ಲದ ಹೆಂಡತಿಯ ಹೊಟ್ಟೆ ಬಟ್ಟೆಗೆಂದು ಗಂಡ ಕೊಡುವುದು ಜೀವನಾಂಶ. ಎಷ್ಟು ವರ್ಷದ ಸಂಸಾರ, ಅವನ ವರಮಾನವೇನು, ಅವಳು ದುಡಿಯಬಲ್ಲಳೇ ಎಂದೆಲ್ಲ ನೋಡಿ ನಿಗದಿಯಾಗುತ್ತದೆ. ಮದುವೆಯಾದ ಮೇಲೆ ಇಬ್ಬರೂ ಸೇರಿ ಕಟ್ಟಿದ್ದರಲ್ಲಿ ಅವಳಿಗೆ ಸಲ್ಲುವುದು ಪಾಲು. ಶೆಡ್ಡು ಇವನ ಹೆಸರಿನಲ್ಲಿದ್ದರೂ, ಅದನ್ನು ಕಟ್ಟುವುದರಲ್ಲಿ ತನ್ನ ಕೈಯೂ ಇತ್ತೆಂದು ತೋರಿಸಿದರೆ ಅವಳು ಅರ್ಧ ಕೇಳಬಹುದು. ಅವಳು ಕೇಳಿದ್ದೂ ಅದನ್ನೇ. ಮನೆಯ ಸಾಮಾನು ಬೇಡ, ಜೀವನಾಂಶವೂ ಬೇಡ, ಶೆಡ್ಡಿನಲ್ಲಿ ಅರ್ಧ ಬೇಕು.

ಅವಳು ಶೆಡ್ಡಿನಲ್ಲಿ ಏನು ಮಾಡುತ್ತಿದ್ದಳು ಎಂದು ವಕೀಲರು ಕೇಳಿದರು. ಅಕ್ಕ ಪಕ್ಕದಲ್ಲೇ ಕೂತಿದ್ದಳು. ಡಬ್ಬಿ ತೊಳೆಯುತ್ತಿದ್ದಳು ಎಂದು ಅವನು ಎರಡನೆಯ ಸಲ ಹೇಳಿದ. ಹಾಗಾದರೆ ಚಿಂತೆಯಿಲ್ಲ, ಜೀವನಾಂಶ ಸ್ವಲ್ಪ ಧಾರಾಳವಾಗಿಯೇ ಕೊಟ್ಟು ಕೈ ತೊಳೆದುಕೊಳ್ಳಿ ಅಂದರು ವಕೀಲರು. ಮನೆಗೆ ಬಂದು ಊಟಕ್ಕೆ ಕೂತವನು ತಟ್ಟೆ ಸರಿಸಿ ಎದ್ದ. ತಾನು ಸುಳ್ಳು ಹೇಳಿದ್ದೇನೆ, ಅದೂ ಅವಳ ಅನ್ನದ ಮೇಲೆ, ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ನಿಜ ಹೇಳಿದರೆ ಅರ್ಧ ಶೆಡ್ಡೊಂದೇ ಅಲ್ಲ, ಡಾಕ್ಟರ ಹೆಸರೂ ಹೋಗುತ್ತದೆ ಅನ್ನುವುದೂ ಗೊತ್ತಿತ್ತು. ಅವಳೇ ಹೇಳಿಬಿಡುತ್ತಾಳೆ ಎಂದು ಹೆದರಿದ. ಹೇಳಿಬಿಟ್ಟರೆ ಒಳ್ಳೆಯದು ಎಂದೂ ಒಳಗೊಳಗೇ ಆಸೆಪಟ್ಟ.

ರಾಜಿ ಮಾಡಿಸುವ ಕೋಣೆಯಲ್ಲಿ ಒಂದು ಉದ್ದನೆಯ ಮೇಜು, ನಾಲ್ಕು ಕುರ್ಚಿ. ಮಧ್ಯಸ್ಥಿಕೆಯ ಮೇಡಂ ವಯಸ್ಸಾದವರು, ನೆಗಡಿಯಾಗಿ ಮೂಗು ಒರೆಸಿಕೊಳ್ಳುತ್ತಿದ್ದರು. ಹೆಂಡತಿ ವಕೀಲರಿಲ್ಲದೆ ಒಬ್ಬಳೇ ಬಂದಿದ್ದಳು. ಇವನನ್ನು ನೋಡಿ, ಬೀದಿಯಲ್ಲಿ ಸಿಕ್ಕ ಗುರುತಿನವರಿಗೆ ಮಾಡುವಷ್ಟೇ ತಲೆಯಾಡಿಸಿದಳು. ಮೇಡಂ ಇಬ್ಬರ ಹೇಳಿಕೆಗಳನ್ನೂ ಎರಡು ಫೈಲಿಗೆ ಸೇರಿಸಿ ಮೇಜಿನ ನಡುವೆ ಇಟ್ಟರು. ಹಸಿರು ನಿಮ್ಮದು, ಕಂದು ಅವರದು, ನಿಮ್ಮದನ್ನು ತೆಗೆದು ಒಮ್ಮೆ ಓದಿ ಎಂದು ಅವನಿಗೆ ಹೇಳಿದರು.

ಅವನ ಕೈ ಮುಂದೆ ಹೋಗಿ ನಿಂತಿತು. ಎರಡೂ ಒಂದೇ ರಾಡಿ. ವಕೀಲರು ಫೋನು ನೋಡುತ್ತಿದ್ದರು, ಮೇಡಂ ಕರವಸ್ತ್ರ ಹುಡುಕುತ್ತಿದ್ದರು. ಹೆಂಡತಿ ತಲೆ ಎತ್ತಲಿಲ್ಲ. ಒಂದು ಬೆರಳಿನಲ್ಲಿ ಒಂದು ಫೈಲನ್ನು ಮೆಲ್ಲಗೆ ತಿರುಗಿಸಿದಳು. ಅದರ ದಾರದ ಗಂಟು ಅವನ ಕಡೆಗೆ ಬಂತು.

ಅವನು ಅದನ್ನು ತೆಗೆದುಕೊಂಡ. ಸರಿಯಾದ ಫೈಲೇ ಆಗಿತ್ತು. ಒಳಗೆ ಮೊದಲ ಪುಟದಲ್ಲೇ ಟೈಪಾಗಿತ್ತು: ಅರ್ಜಿದಾರಳು ಡಬ್ಬಿ ತೊಳೆಯುವುದನ್ನು ಬಿಟ್ಟು ಶೆಡ್ಡಿನಲ್ಲಿ ಬೇರೆ ಕೆಲಸ ಮಾಡಿರುವುದಿಲ್ಲ. ಕೆಳಗೆ ಅವನ ಸಹಿ.

ನೀವು ಅಲ್ಲಿ ಮಾಡುತ್ತಿದ್ದ ಕೆಲಸವೇನು ಎಂದು ಮೇಡಂ ಅವಳನ್ನು ಕೇಳಿದರು. ಎಲ್ಲದರಲ್ಲೂ ಕೈ ಹಾಕುತ್ತಿದ್ದೆ ಅಂದಳು. ಬಣ್ಣದ ಕೆಲಸ ಗೊತ್ತೇ ಎಂದದ್ದಕ್ಕೆ, ಬಣ್ಣ ಹೊಡೆಯುವವರು ಇವರು ಅಂದಳು. ಅಷ್ಟೇ. ವಕೀಲರು ಫೋನು ಕೆಳಗಿಟ್ಟು, ಇದರಿಂದಲೇ ಎಲ್ಲ ಸ್ಪಷ್ಟವಾಯಿತಲ್ಲ ಅಂದರು. ಹಾಗಾದರೆ ಪಾಲಿನ ಮಾತು ಕಷ್ಟ, ಜೀವನಾಂಶ ಎಷ್ಟೆಂದು ಮಾತಾಡೋಣ ಎಂದು ಮೇಡಂ ಪೆನ್ನು ತೆಗೆದರು.

ಅವಳು ಬಾಯಿ ತೆರೆದಿದ್ದರೆ ಸಾಕಿತ್ತು. ಇವರಿಗೆ ಬಣ್ಣ ಕಾಣಿಸಲ್ಲ ಎಂದಿದ್ದರೆ ಅರ್ಧ ಶೆಡ್ಡು ಅವಳದಾಗುತ್ತಿತ್ತು. ತನ್ನ ಪಾಲು ಕೈಬಿಟ್ಟು ಹೋಗುತ್ತಿರುವ ಹೊತ್ತಿನಲ್ಲೂ ಅವಳು ಅವನ ಮಾನ ಕಾಯುತ್ತಿದ್ದಳು. ಅವನಿಗೆ ನಾಚಿಕೆಯಿಂದ ಮೈಯೆಲ್ಲ ಬಿಸಿಯಾಯಿತು. ಇಷ್ಟು ವರ್ಷ ಇವಳ ಕಣ್ಣಿನಿಂದ ಉಂಡು, ಅದೇ ಕಣ್ಣಿಗೆ ಮಣ್ಣೆರಚಿದ್ದೇನೆ ಅನ್ನಿಸಿತು.

“ಮೇಡಂ, ಇದು ಯಾವ ಬಣ್ಣದ ಫೈಲು ಅಂತ ನಂಗೆ ಗೊತ್ತಿಲ್ಲ” ಅಂದ.

ವಕೀಲರು ಮೇಜಿನ ಕೆಳಗೆ ಅವನ ಮೊಣಕಾಲು ಒತ್ತಿದರು. ಅವನು ಕಾಲು ಸರಿಸಿಕೊಂಡ.

“ಹಸಿರು, ಕೆಂಪು ನಂಗೆ ಕಾಣಿಸಲ್ಲ. ಹುಟ್ಟಿನಿಂದಲೂ ಹಾಗೇ. ನನ್ನ ಶೆಡ್ಡಿಂದ ಹೋದ ಒಂದೊಂದು ಗಾಡಿ ಬಣ್ಣಾನೂ ಬೆರೆಸಿದ್ದು ಇವಳು. ನಾನು ಹೊಡೆದೆ, ಅಷ್ಟೇ. ಅಲ್ಲಿ ಬರೆದಿರೋದು ಸುಳ್ಳು.”

ಮೇಡಂ ಅವನ ಮುಖವನ್ನೇ ನೋಡಿದರು. ಆಮೇಲೆ ಹೇಳಿಕೆ ಬದಲಾಯಿತು, ವಕೀಲರು ಬೆವರು ಒರೆಸಿಕೊಂಡರು, ಅರ್ಧಕ್ಕೆ ಅವನು ಎದುರು ಮಾತಾಡದೆ ಒಪ್ಪಿದ. ಕೇಳಿದ್ದು ಸಿಕ್ಕಿತಲ್ಲ, ಇನ್ನೇನಾದರೂ ಹೇಳುವುದಿದೆಯೇ ಎಂದು ಮೇಡಂ ಅವಳನ್ನು ವಿಚಾರಿಸಿದರು. ಅವಳ ಕಣ್ಣು ತುಂಬಿತ್ತು. ಖುಷಿಯಿಂದ ಎಂದು ವಕೀಲರು ಅಂದುಕೊಂಡಿರಬೇಕು. ಅವಳು ಗಂಡನ ಕಡೆಗೆ ತಿರುಗಿದಳು.

“ಇಷ್ಟನ್ನ ಆವತ್ತು ಶೆಡ್ಡಲ್ಲಿ ಹೇಳಿದ್ರೆ ನಾನು ಅರ್ಧ ಯಾಕ್ರೀ ಕೇಳ್ತಿದ್ದೆ?”

ಏನು ಹೇಳಿದರೂ ಈಗ ಮಾತಿಗೆ ಬೆಲೆಯಿಲ್ಲವೆಂದು ಅವನಿಗೆ ಅರ್ಥವಾಯಿತು. ಇಬ್ಬರೂ ಸಹಿ ಹಾಕಿದರು. ಮೇಡಂ ಕಾಗದಗಳನ್ನು ಮತ್ತೆ ಎರಡು ಫೈಲಿಗೆ ಸೇರಿಸಿ, ದಾರ ಕಟ್ಟಿ, ಮೇಜಿನ ಮೇಲೆ ಇಟ್ಟು ತಮ್ಮ ತಮ್ಮದು ತೆಗೆದುಕೊಳ್ಳಿ ಅಂದರು.

ಅವನು ಕಾದ. ಅವಳ ಕೈ ಮಡಿಲಿನಲ್ಲೇ ಇತ್ತು, ಮೇಲೆ ಬರಲಿಲ್ಲ.

“ನಂದು ಯಾವ್ದು?” ಎಂದು ಅವನು ಎಲ್ಲರ ಎದುರು ಕೇಳಿದ.

“ಎಡಗಡೇದು” ಅಂದಳು ಅವಳು. ಅವನು ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಎದ್ದ.