ಹಲಗಿ ಬರುವ ಜಾಗ

ಶಾಂತಕುಮಾರನ ಮಣ್ಣಿಗೆ ಬಂದ ಬಳಗವೆಲ್ಲ ಊರಿನ ಬಸ್ಸು ಹತ್ತಿದ ಮರುದಿನ ಬೆಳಿಗ್ಗೆ, ಮರಾಠಿ ಸೀಮೆಯ ಪಂಚವಟಿಯ ಆ ಓಣಿಯ ನಳಕ್ಕೆ ಎಂದಿನಂತೆ ನೀರು ಬಂತು. ಸುಮಂಗಲಾ ಕೊಡ ತುಂಬಿ ಒಳಗಿಟ್ಟಳು. ಕಸ ಹೊಡೆಯುತ್ತಿದ್ದ ಅತ್ತೆ ಗುಂಡವ್ವ ಮಂಚದ ಕೆಳಗೆ ಬಗ್ಗಿದವಳು ಹಾಗೇ ನಿಂತಳು.

“ಈ ಕರೇ ಪೆಟಗಿ ಅಂವಂದ ಏನವಾ?”

“ಅಲ್ರಿ ಅತ್ತಿ. ಸಂಭಾಜಿನಗರದ ಅಮರ ಅವರದು. ಹಾಡು ಹಚ್ಚೋ ಮಷಿನ್ನು.”

“ಹಂಗಾರ ಕೊಟ್ಟು ಬಾ. ಸತ್ತಾಂವ ಇಸ್ಕೊಂಡದ್ದು ಮನ್ಯಾಗ ಇರಬಾರ್ದು.”

ಸುಮಂಗಲಾಳ ಗಂಡ ಶಾಂತಕುಮಾರ ಮದುವೆಗಳಲ್ಲಿ ಡಿಜೆ ಹಚ್ಚುತ್ತಿದ್ದ. ನಿಫಾಡದ ರಸ್ತೆಯಲ್ಲಿ ಅವನ ಬೈಕು ದ್ರಾಕ್ಷಿ ಟ್ರಾಲಿಗೆ ಬಡಿದಿತ್ತು. ಅದರ ಬಗ್ಗೆ ಎಲ್ಲರೂ ಕೇಳಿದ್ದರು, ಅವಳು ಎಲ್ಲರಿಗೂ ಅದೇ ಒಂದು ಮಾತು ಹೇಳಿದ್ದಳು.

ಸಂಜೆ ಅಮರನೇ ಫೋನು ಮಾಡಿದ. “ವೈನಿ, ಇಂಥಾ ಹೊತ್ತಿನ್ಯಾಗ ಕೇಳಬಾರ್ದು, ಖರೆ. ಶನಿವಾರ ಒಂದು ಹಳದಿ ಕಾರ್ಯಕ್ರಮ ಐತ್ರಿ. ಮಷಿನ್ನು ಬೇಕಾಗಿತ್ತು.” ಮತ್ತೆ ಅಂದ, “ಪೆನ್ ಡ್ರೈವ್‌ನ್ಯಾಗ ಶಾಂತಣ್ಣಂದು ಹಳದಿ ಕ್ಯೂ ಇರ್ತದ ನೋಡ್ರಿ. ಅದನ್ನ ಮಷಿನ್ನಿನ್ಯಾಗ ಸೇವ್ ಮಾಡಿ ತರ್ರಿ. ಅದಿಲ್ದ ನಮ್ಮ ಹಳದಿ ಸಪ್ಪಗೆ.”

ಹಳದಿ ಕ್ಯೂ! ಮದುಮಕ್ಕಳಿಗೆ ಅರಿಶಿಣ ಹಚ್ಚುವಾಗ ಒಂದರ ಹಿಂದೊಂದು ಹಾಕುವ ಹಾಡುಗಳ ಸಾಲು ಅದು. ಸುಮಂಗಲಾ ಫೋನು ಕೆಳಗಿಟ್ಟು ಪೆಟ್ಟಿಗೆ ಎಳೆದಳು.

ಲಗ್ನವಾದ ಹೊಸದರಲ್ಲಿ ಈ ಕೆಲಸ ಅವಳದಾಗಿತ್ತು. ಧಾರವಾಡದಲ್ಲಿ ಎಂ.ಎ. ಮುಗಿಸಿ ಬಂದವಳು, ಕಿವಿಗೆ ಹೆಡ್‌ಫೋನು ಹಾಕಿಕೊಂಡು ಯಾವ ಹಾಡಿನ ಹಿಂದೆ ಯಾವ ಹಾಡು ನಿಲ್ಲಬೇಕೆಂದು ಹೊಂದಿಸುತ್ತ ಕೂಡುತ್ತಿದ್ದಳು. ಒಂದರ ಓಟ ಇಳಿಯುವಾಗ ಇನ್ನೊಂದರ ಓಟ ಏರಬೇಕು, ಜನರಿಗೆ ಗೊತ್ತಾಗಬಾರದು. ಮರಾಠಿ ಹಳದಿ ಹಾಡು ಮುಗಿದು ಹಿಂದಿ ಹಾಡು ಬರುವ ಮೊದಲು ಅವಳು ಬರೇ ಹಲಗಿಯ ಬಡಿತ ಇಟ್ಟಿದ್ದಳು. ನಿಫಾಡದ ತೋಟದಲ್ಲಿ ತಮ್ಮ ಊರ ಕಡೆಯ ಕೂಲಿಯವರು ಬಾರಿಸಿದ್ದನ್ನು ತನ್ನದೇ ಮೊಬೈಲಿನಲ್ಲಿ ಹಿಡಿದದ್ದು. ಗೋಡೆಗೆ ಆತು ಕೂತ ಮುದುಕಿಯರೂ ಅದಕ್ಕೆ ಏಳುತ್ತಾರೆ ಎಂದು ಅವಳ ನಂಬಿಕೆ.

ಆ ಕ್ಯೂ ಮೊದಲ ಸಲ ಹಚ್ಚಿದ ಮದುವೆಮನೆಯಿಂದ ಬಂದ ಶಾಂತಕುಮಾರ ಚಪ್ಪಲಿ ಬಿಡುತ್ತಲೇ ನಕ್ಕಿದ್ದ. “ನಿನ್ನ ಹಲಗಿ ಬಂತು ನೋಡು, ಕುಣಿಯೋರೂ ಕುಂತ್ರು. ಮಂದಿ ನಕ್ಕರು ಸುಮಾ. ಓದಿದವರ ಕಿವಿ ಬ್ಯಾರೆ, ಕುಣಿಯೋರ ಕಾಲು ಬ್ಯಾರೆ.” ಇನ್ನೆರಡು ಮದುವೆಗಳಿಂದ ಬಂದಾಗಲೂ ಅದೇ ಮಾತು. ಅವಳು ಹೆಡ್‌ಫೋನು ತೆಗೆದಿಟ್ಟಳು. ಹಾಡಿನ ವಿಷಯ ಮಾತಾಡುವುದನ್ನೂ ಬಿಟ್ಟಳು.

ಈಗ ಪೆನ್ ಡ್ರೈವ್ ಸಿಕ್ಕಿಸಿದೊಡನೆ ಮಷಿನ್ನಿನ ಪರದೆ ಬೆಳಗಿತು. ಕ್ಯೂಗೆ ‘ಶಾಂತಾ ಹಳದಿ’ ಎಂದು ಹೆಸರಿತ್ತು. ಹಾಡುಗಳು ಅವಳು ಹೊಂದಿಸಿದ ಸಾಲಿನಲ್ಲೇ ನಿಂತಿದ್ದವು. ಹಲಗಿಯೂ ಅದೇ ಜಾಗದಲ್ಲಿತ್ತು.

ಸೇವ್ ಮಾಡಲೇ ಎಂದು ಪರದೆ ಕೇಳಿತು. ಅವಳು ಗುಂಡಿ ಒತ್ತಲಿಲ್ಲ. ಇಟ್ಟುಕೊಂಡಿದ್ದಾನೆ ಅಂದ ಮಾತ್ರಕ್ಕೆ ಆಮೇಲೂ ನುಡಿಸಿದ್ದಾನೆ ಅಂತಲ್ಲ. ಹೆಂಡತಿ ಮಾಡಿದ್ದು, ಅಳಿಸಲು ಮನಸ್ಸು ಬಂದಿರಲಿಕ್ಕಿಲ್ಲ. ಬರೇ ಇಟ್ಟುಕೊಂಡಿರಲಿ, ನುಡಿಸಿರದಿರಲಿ ಎಂದು ಅವಳು ರಾತ್ರಿಯೆಲ್ಲ ಬೇಡಿಕೊಂಡಳು.

ಮರುದಿನ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡೇ ಬಸ್ಸಿನಲ್ಲಿ ಕೂತಳು. ಸಂಭಾಜಿನಗರದಲ್ಲಿ ಅಮರನ ಅಂಗಡಿ ಒಂದು ಸಣ್ಣ ಗಲ್ಲಿಯಲ್ಲಿತ್ತು, ಒಳಗೆ ಕಾಲಿಡಲೂ ಜಾಗವಿಲ್ಲದಷ್ಟು ಸ್ಪೀಕರುಗಳು. ಇಂಡಿ ಕಡೆಯ ಗೌಂಡಿಯ ಮಗ ಅವನು. ಹುಟ್ಟಿ ಬೆಳೆದದ್ದು ಇಲ್ಲೇ.

“ಬಸಾ ವೈನಿ, ಕೂಡ್ರಿ. ಚಹಾ ಹೇಳ್ತೀನಿ.”

“ಬ್ಯಾಡ್ರಿ. ಒಂದು ಕೇಳ್ತೀನಿ. ಆ ಕ್ಯೂದಾಗ ನಡುವ ಹಲಗಿ ಬರ್ತದಲ್ರಿ, ಅದನ್ನ ನುಡಿಸ್ತಿದ್ರೇನು ಅವರು?”

“ನುಡಿಸ್ತಿದ್ರೇನು ಅಂತ ಕೇಳ್ತೀರಲ್ಲ!” ಅಮರ ಕಿಸೆಯಿಂದ ಫೋನು ತೆಗೆದ. “ಮಂದಿ ಕರೀತಿದ್ದದ್ದ ಅದಕ್ಕ. ಯಾರು ಕಲಿಸಿದ್ರೋ ಅಂದ್ರ, ತಲಿ ಬೇಕಪ್ಪಾ ತಲಿ ಅಂತಿದ್ದ. ನೋಡ್ರಿ ಇಲ್ಲಿ.”

ಗಂಡ ಜೀವಂತವಾಗಿ ಆ ಪರದೆಯಲ್ಲಿದ್ದ. ಮೈಮೇಲೆ ಅವಳೇ ಇಸ್ತ್ರಿ ಮಾಡಿದ ನೀಲಿ ಅಂಗಿ. ಹಳದಿ ಹಾಡು ಇಳಿಯುತ್ತ ಬಂದಂತೆ ಅವನು ಒಂದು ಬೆರಳು ಮೇಲೆತ್ತಿ ತಡೆದ, ಏನು ಬರುತ್ತದೆ, ಯಾವಾಗ ಬರುತ್ತದೆ ಎಂದು ಚೆನ್ನಾಗಿ ಬಲ್ಲವನ ಹಾಗೆ. ಬೆರಳು ಇಳಿಯಿತು, ಹಲಗಿ ಬಂತು. ಗೋಡೆಗೆ ಆತು ಕೂತಿದ್ದ ಮುದುಕಿಯರು ಸೆರಗು ಸಿಕ್ಕಿಸಿ ಎದ್ದರು.

“ಯಾರೂ ನಗಲಿಲ್ಲೇನ್ರಿ?”

“ನಗೋದಾ? ಮತ್ತೊಮ್ಮೆ ಹಚ್ಚು ಅಂತ ಗಂಟು ಬಿದ್ರು!”

ಅಳು ಬರಬಹುದೆಂದು ಕಾದಳು. ಬರಲಿಲ್ಲ. ಮನೆಗೆ ಬಂದು ಚಪ್ಪಲಿ ಬಿಡುವಾಗ ಆ ನಗುವನ್ನು ಮುಖಕ್ಕೆ ಹೇಗೆ ತಂದುಕೊಳ್ಳುತ್ತಿದ್ದ? ಬಾಗಿಲಲ್ಲೋ, ಓಣಿಯ ತಿರುವಿನಲ್ಲೋ? ಕೇಳಬೇಕಾದವನು ಮಣ್ಣಿನಲ್ಲಿದ್ದ.

“ಕ್ಯೂ ಸೇವ್ ಆಗೇತಲ್ರಿ?” ಅಮರ ಪೆಟ್ಟಿಗೆ ತೆರೆಯುತ್ತ ಕೇಳಿದ.

“ಇಲ್ರಿ. ಪೆನ್ ಡ್ರೈವ್ ನನ್ನ ಕಡೆ ಐತಿ. ಕೊಡಾಂಗಿಲ್ಲ.”

“ಯಾಕ್ರಿ?”

“ಅದು ನಾ ಮಾಡಿದ್ದು.”

ಅಮರ ಅವಳ ಬರಿಗೊರಳನ್ನು ನೋಡಿ ದನಿ ತಗ್ಗಿಸಿದ. “ದುಃಖದಾಗ ಹಂಗ ಅನಸ್ತದ ವೈನಿ. ಶಾಂತಣ್ಣನ ಕೆಲಸ ಅದು, ಊರಿಗೆಲ್ಲ ಗೊತ್ತೈತಿ.”

ಸುಮಂಗಲಾ ಪೆಟ್ಟಿಗೆಯಿಂದ ಮಷಿನ್ನು ಎತ್ತಿ, ವೈರು ಸುತ್ತಿ, ಅವನ ಕೈಗಿಟ್ಟಳು. ಪೆನ್ ಡ್ರೈವ್ ಅವಳ ಚೀಲದಲ್ಲೇ ಉಳಿಯಿತು.

“ಎಡಗಡೆ ಗುಂಡಿ ಸಡಿಲ ಆಗೇತಿ. ತಿರುಗಿಸುವಾಗ ಸಾವಕಾಶ.”